ಶರೀಫ್ ಸಾಬರು ಕೊಟ್ಟ ಒಂದು ಪಾಯಿಂಟು

ಚನ್ನಪಟ್ಟಣದ ಶರೀಫ್ ಸಾಬರಿಗೆ ಬಾಯಿ ಕೊಡುವಾಗ ದೇವರು ಅಳತೆ ಮರೆತುಬಿಟ್ಟ ಎಂದು ಅವರ ಹೆಂಡತಿ ಶರ್ಫುನ್ನೀಸಾ ಹೇಳುವುದುಂಟು. ಹಗಲೆಲ್ಲ ಅವರು ಗೊಂಬೆ ಕಡೆಯುವ ಮಿಷನ್ನಿನ ಮುಂದೆ ಕೂರುತ್ತಾರೆ. ಗಿರಗಿರ ತಿರುಗುವ ಮರದ ತುಂಡಿಗೆ ಉಳಿ ಹಿಡಿದು, ಅರಗಿನ ಬಣ್ಣ ಒತ್ತಿ, ಬುಗುರಿಯನ್ನೋ ಗಿಲಕಿಯನ್ನೋ ಇಳಿಸುತ್ತಾರೆ. ಆ ಸದ್ದಿನಲ್ಲಿ ಬಾಯಿ ತೆರೆದು ಪ್ರಯೋಜನವಿಲ್ಲ. ಹಾಗಾಗಿ ಆಡದೆ ಉಳಿದ ಮಾತೆಲ್ಲ ಒಳಗೇ ಸೇರಿಕೊಂಡು, ಭಾನುವಾರ ಕೈಗೆ ಮೈಕು ಸಿಕ್ಕ ಕೂಡಲೇ ಏರಿ ಒಡೆದ ಕೆರೆಯಂತೆ ನುಗ್ಗುತ್ತದೆ.

ಚನ್ನಪಟ್ಟಣ, ರಾಮನಗರ, ಕನಕಪುರ, ಮಾಗಡಿ, ಈ ನಾಲ್ಕು ತಾಲ್ಲೂಕಿನಲ್ಲಿ ಎಲ್ಲೇ ಕಬಡ್ಡಿ ಪಂದ್ಯಾವಳಿ ನಡೆದರೂ ವೀಕ್ಷಕ ವಿವರಣೆಗೆ ಶರೀಫ್ ಸಾಬರೇ ಆಗಬೇಕು. ಆಟಗಾರ ಕೈಕೊಟ್ಟರೆ ಇನ್ನೊಬ್ಬನನ್ನು ಇಳಿಸಬಹುದು, ಸಾಬರು ಕೈಕೊಟ್ಟರೆ ಪಂದ್ಯವನ್ನೇ ಮುಂದಕ್ಕೆ ಹಾಕಬೇಕು ಎನ್ನುತ್ತಾರೆ ಸಂಘದ ಹುಡುಗರು. ಒಬ್ಬ ಎದುರಾಳಿಯ ಕಾಲು ಹಿಡಿದರೆ ಸಾಕು, ‘ಉಡದ ಪಟ್ಟು ಸ್ವಾಮಿ ಇದು, ಗೋಡೆ ಬಿದ್ದರೂ ಉಡ ಬೀಳುವುದಿಲ್ಲ’ ಎಂದು ಅಚ್ಚ ಪುಸ್ತಕದ ಕನ್ನಡದಲ್ಲಿ ಶುರುಮಾಡುತ್ತಾರೆ. ಆಟದ ತಲೆಬುಡ ಗೊತ್ತಿಲ್ಲದ ಮುದುಕಿಯರೂ ಎಲೆ ಅಡಿಕೆ ಚೀಲ ಸಮೇತ ಬಂದು ಕೂರುವುದು ಆ ಮಾತಿಗೆ. ಈ ಚಟ ಮನೆಯಲ್ಲೂ ಬಿಡದು. ಶರ್ಫುನ್ನೀಸಾ ಸಾರಿಗೆ ಉಪ್ಪು ಹಾಕಲು ಎದ್ದರೆ ‘ದಾಳಿಗಾರ್ತಿ ಒಲೆಯ ಕಡೆ ಹೊರಟಿದ್ದಾರೆ, ಕಾದು ನೋಡೋಣ’ ಎನ್ನುತ್ತಾರೆ. ಸೌಟು ತಮ್ಮ ಕಡೆ ತಿರುಗಿದ ಮೇಲೆಯೇ ಪಂದ್ಯ ಮುಕ್ತಾಯ.

ಸಾಬರ ಬಾಯಿಗೆ ಜೊತೆಯಾದದ್ದು ಕೂಟಗಲ್ಲಿನ ತಿಮ್ಮಯ್ಯನವರ ಸೀಟಿ. ತಿಮ್ಮಯ್ಯ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳ ಸಾಕುವ ರೈತ, ರಜೆಯ ದಿನ ಅಂಪೈರು. ಸಾಬರಿಗಿಂತ ವಯಸ್ಸಿನಲ್ಲಿ ಒಂದಿಷ್ಟು ದೊಡ್ಡವರು, ಮಾತಿನಲ್ಲಿ ಮಹಾ ಜಿಪುಣರು. ಹಿಂದೊಮ್ಮೆ ಮೈಕಿನವನು ಬಾರದೆ ಹೋದಾಗ, ಪ್ರೇಕ್ಷಕರ ನಡುವೆ ಕೂತು ಒಂದೇ ಸಮನೆ ಒದರುತ್ತಿದ್ದ ಗೊಂಬೆ ಶರೀಫನನ್ನು ಎಳೆದು ತಂದು ಮೇಜಿನ ಮುಂದೆ ಕೂರಿಸಿದವರು ಅವರೇ. ಅಂದಿನಿಂದ ಇಬ್ಬರೂ ಒಂದೇ ಟಿವಿಎಸ್ ಗಾಡಿಯಲ್ಲಿ ಊರೂರು ತಿರುಗಿದ್ದಾರೆ. ತಿಮ್ಮಯ್ಯನವರ ತೀರ್ಪಿಗೆ ಎರಡನೇ ಮಾತಿಲ್ಲ. ಅವರ ಸ್ವಂತ ಊರಿನ ತಂಡವೇ ಆಡುತ್ತಿದ್ದರೂ ಎದುರಾಳಿಗಳು ‘ತಿಮ್ಮಣ್ಣ ಇದ್ರೆ ಆಯ್ತು ಬುಡಿ’ ಎಂದು ಕಣಕ್ಕಿಳಿಯುತ್ತಿದ್ದರು.

ಕೂಟಗಲ್ಲಿನ ಫೈನಲ್ಲಿಗೂ ಹಾಗೆಯೇ ಇಳಿದರು. ಎದುರಾಳಿ ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿ. ಆ ತಂಡದಲ್ಲಿ ಮನೋಹರ್ ಇದ್ದ. ಟಿ.ವಿ.ಯಲ್ಲಿ ಬರುವ ದೊಡ್ಡ ಲೀಗಿನಲ್ಲಿ ಸಂಬಳಕ್ಕೆ ಆಡುವ ಹುಡುಗ, ಊರಿನವರ ಒತ್ತಾಯಕ್ಕೆ ಅಂದು ಬಂದಿದ್ದ. ಅವನನ್ನು ನೋಡಲೆಂದೇ ಬಿಡದಿಯ ಕಾರ್ಖಾನೆಗಳಿಂದ ಹುಡುಗರು ಶಿಫ್ಟು ಬದಲಾಯಿಸಿಕೊಂಡು ಬಂದಿದ್ದರು. ಮರದ ಮೇಲೂ ಜನ, ಟ್ರಾಕ್ಟರ್ ಮೇಲೂ ಜನ.

ಎರಡೂ ತಂಡದ ಅಂಕ ಸಮವಾಗಿದ್ದಾಗ ಕೊನೆಯ ದಾಳಿಗೆ ಮನೋಹರ್ ಹೋದ. ಕೂಟಗಲ್ಲಿನ ಹುಡುಗರು ಅವನನ್ನು ಪಕ್ಕದ ಗೆರೆಯ ಅಂಚಿಗೆ ತಳ್ಳಿಕೊಂಡು ಹೋದರು. ಅಲ್ಲಿ ಅವನು ಬಗ್ಗಿ, ಒಬ್ಬನ ಭುಜ ಮುಟ್ಟಿ, ಹೊರಳಿ, ನಡುಗೆರೆಗೆ ಕೈ ಚಾಚಿದ. ಜನ ಹೋ ಎಂದು ಎದ್ದು ನಿಂತರು. ಶರೀಫ್ ಸಾಬರ ಬಾಯಿ ತಡೆಯಲಿಲ್ಲ. ಗುಡೇಮಾರನಹಳ್ಳಿಗೆ ಪಾಯಿಂಟು, ಗುಡೇಮಾರನಹಳ್ಳಿಗೆ ಜಯಮಾಲೆ ಎಂದು ಸಾರಿಯೇಬಿಟ್ಟರು. ಪಟಾಕಿ ಹಾರಿತು, ಮನೋಹರ್ ಗೆಳೆಯರ ಹೆಗಲೇರಿದ. ಆಗ ತಿಮ್ಮಯ್ಯನವರ ಸೀಟಿ ಕೇಳಿಸಿತು. ಭುಜ ಮುಟ್ಟುವ ಮೊದಲೇ ಮನೋಹರನ ಕಾಲು ಪಕ್ಕದ ಗೆರೆ ದಾಟಿತ್ತು, ಔಟು, ಕೂಟಗಲ್ಲಿಗೆ ಗೆಲುವು ಎಂದು ಕೈ ತೋರಿಸಿದರು.

ಹೆಗಲ ಮೇಲಿಂದ ಇಳಿದ ಮನೋಹರ್ ನೇರ ಬಂದವನೇ, ನಿನ್ನೂರನ್ನು ಗೆಲ್ಲಿಸೋಕೆ ನಿಂತಿದ್ದೀಯಾ ಎಂದು ತಂದೆಯ ವಯಸ್ಸಿನ ಅಂಪೈರಿನ ಕೆನ್ನೆಗೆ ಬಾರಿಸಿದ. ಮೈದಾನ ಒಂದು ಗಳಿಗೆ ಉಸಿರು ಹಿಡಿಯಿತು. ಆ ಮೌನದಲ್ಲಿ ಶರೀಫ್ ಸಾಬರು ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಕಣ್ಣೆದುರು ಏನು ನಡೆದರೂ ಬಾಯಿಂದ ಹೊರಬರುವುದು ಅವರಿಗೆ ರೂಢಿಯಾಗಿಹೋಗಿತ್ತು. “ಅಂಪೈರ್ ಅವರ ಕೆನ್ನೆಯ ಮೇಲೆ ಮನೋಹರ್ ದಾಳಿ, ಯಶಸ್ವಿ ದಾಳಿ, ಒಂದು ಪಾಯಿಂಟ್” ಎಂದು ಮೈಕು ಮೊಳಗಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ತಿಮ್ಮಯ್ಯ ಕೊರಳಿನ ಸೀಟಿ ತೆಗೆದು ಜೇಬಿಗೆ ಹಾಕಿಕೊಂಡು ಮನೆಗೆ ನಡೆದರು.

ಮಾರನೆಯ ದಿನದ ಹೊತ್ತಿಗೆ ಆ ಕಪಾಳಮೋಕ್ಷ ರಾಜ್ಯವನ್ನೇ ಸುತ್ತಿತ್ತು. ಯಾರದೋ ಮೊಬೈಲಿನಲ್ಲಿ ಹಿಡಿದದ್ದು, ಏಟಿನಿಂದ ಶುರುವಾಗಿ ಸಾಬರ ಮಾತಿಗೆ ಮುಗಿಯುತ್ತಿತ್ತು. ಟಿ.ವಿ.ಯವರಿಗೆ ಒಂದು ಕೆನ್ನೆ ಸಿಕ್ಕಿದರೆ ವಾರದ ಊಟ. ತಿಮ್ಮಯ್ಯನವರ ಕೆನ್ನೆಯ ಸುತ್ತ ಕೆಂಪು ಬಳೆ ಬರೆದು, ಹಿಂದೆ ನಗಾರಿ ಬಾರಿಸಿ, ನಿಧಾನ ಮಾಡಿ ಒಮ್ಮೆ, ಜೋರು ಮಾಡಿ ಒಮ್ಮೆ ಹೊಡೆಸಿದರು. ಮನೋಹರ್ ಹೊಡೆದದ್ದು ಒಂದೇ ಸಲ. ಚಾನಲ್ಲಿನವರು ಹೊಡೆದದ್ದಕ್ಕೆ ಲೆಕ್ಕವಿಲ್ಲ. ಲೀಗಿನವರು ಅವನನ್ನು ಅಮಾನತಿನಲ್ಲಿಟ್ಟರು. ಟಿ.ವಿ.ಯಲ್ಲಿ ಬಂದದ್ದಕ್ಕೇ ಈ ಶಿಕ್ಷೆ, ಇಲ್ಲದಿದ್ದರೆ ಸ್ಟಾರ್ ಹುಡುಗನನ್ನು ಕೇಳುವವರು ಯಾರಿದ್ದರು ಎಂದು ಟೀ ಅಂಗಡಿಗಳಲ್ಲಿ ಕೆಲವರು ವಾದಿಸಿದರು. ಆ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಇದನ್ನು ಊರಿಗೆಲ್ಲ ತೋರಿಸಬಹುದೇ ಎಂದು ಏಟು ತಿಂದವರನ್ನು ಒಬ್ಬನಾದರೂ ಕೇಳಿದ್ದನೇ?

ಶರೀಫ್ ಸಾಬರಿಗಂತೂ ಹಬ್ಬ. ರಾಮನಗರದ ಟಿ.ವಿ. ವರದಿಗಾರ ಮಹೇಂದ್ರ ಕ್ಯಾಮೆರಾ ಹೊತ್ತು ಅವರ ಕಾರ್ಖಾನೆಗೇ ಬಂದ. ಒಳ್ಳೆಯ ಹುಡುಗ, ಹೊಟ್ಟೆಪಾಡಿನ ಕೆಲಸ. ಆ ಡೈಲಾಗ್ ಇನ್ನೊಂದು ಸಲ ಹೇಳಿಬಿಡಿ ಎಂದ. ಸಾಬರು ತಲೆ ಬಾಚಿಕೊಂಡು, ಗೊಂಬೆಗಳ ಸಾಲಿನ ಮುಂದೆ ನಿಂತು ಹೇಳಿದರು. ಸ್ವಲ್ಪ ಜೋರಾಗಿ ಎಂದ, ಜೋರಾಗಿಯೂ ಹೇಳಿದರು. ರಾತ್ರಿ ಟಿ.ವಿ.ಯಲ್ಲಿ ಗಂಡನ ಮುಖ ನೋಡಿದ ಶರ್ಫುನ್ನೀಸಾ ಎದ್ದು ಒಳಗೆ ಹೋದರು. ಆಕೆಗೆ ಸಂತೋಷ ತಡೆಯಲಾಗಲಿಲ್ಲ ಎಂದುಕೊಂಡರು ಸಾಬರು. ಜಾಣನಾದವನೂ ಒಮ್ಮೊಮ್ಮೆ ಹೀಗೆ ಕೋಣನಾಗುವುದುಂಟು.

ಕಣ್ಣು ತೆರೆದದ್ದು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಬಾಗಿಲಿನಲ್ಲಿ. ಇನ್ನೊಂದು ಸಂದರ್ಶನವಿದೆ ಎಂದು ಮಹೇಂದ್ರ ಕರೆದದ್ದಕ್ಕೆ ಸಾಬರು ಅಲ್ಲಿಗೆ ಹೋಗಿದ್ದರು. ಆಗ ತಿಮ್ಮಯ್ಯ ಗೂಡಿನ ಚೀಲ ಹೊತ್ತು ಗೇಟಿನೊಳಗೆ ಬಂದರು. ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಪಡ್ಡೆ ಹುಡುಗ “ಒಂದು ಪಾಯಿಂಟ್” ಎಂದು ಎಳೆದು ಕೂಗಿದ. ಕೂಗಿದ್ದು ಸಾಬರ ಧಾಟಿಯಲ್ಲೇ, ಅವರ ಗಂಟಲನ್ನೇ ಸಾಲ ತಂದವನ ಹಾಗೆ. ಸುತ್ತ ಇದ್ದವರು ನಕ್ಕರು. ತಿಮ್ಮಯ್ಯ ಹೆಗಲ ಟವೆಲನ್ನು ತಲೆಗೆ ಎಳೆದು ಕೆನ್ನೆ ಮುಚ್ಚಿಕೊಂಡು ಹರಾಜಿನ ಕಡೆಗೆ ಹೋದರು. ಸಾಬರು ಮಹೇಂದ್ರನಿಗೆ ಹೇಳದೆ ಬಸ್ಸು ಹತ್ತಿ ಊರಿಗೆ ಬಂದರು.

ಮಾರನೆಯ ಬೆಳಿಗ್ಗೆಯೇ ಕೂಟಗಲ್ಲಿಗೆ ಹೋದರು. ತಿಮ್ಮಯ್ಯನವರ ಹೆಂಡತಿ ಶಿವಲಿಂಗಮ್ಮ ಕೂರಿಸಿ ಕಾಫಿ ಕೊಟ್ಟರು, ಆದರೆ ಎಂದಿನಂತೆ ಶರ್ಫುನ್ನೀಸಾ ಹೇಗಿದ್ದಾಳೆ ಎಂದು ಕೇಳಲಿಲ್ಲ. ತಿಮ್ಮಯ್ಯ ಹುಳುಮನೆಯಲ್ಲಿ ಸೊಪ್ಪು ಹರಡುತ್ತಿದ್ದರು. ಹುಳುಗಳ ಹಾಸಿಗೆಗೆ ಪೂರ್ತಿ ಹರಡಿ ಮುಗಿಸುವವರೆಗೆ ತಿರುಗಿ ನೋಡಲಿಲ್ಲ. ಆಮೇಲೆ ಕೈ ಒರೆಸಿಕೊಂಡು ಹೊಸ್ತಿಲಲ್ಲಿ ಕೂತರು.

“ಅವ್ನು ಹೊಡ್ದಿದ್ದು ಬುಡ್ಲಾ ಶರೀಫಾ. ಹುಡ್ಗ, ಬಿಸಿರಕ್ತ, ಸೋತ್ನಲ್ಲಾ ಅಂತ ಉರ್ಕಂಡ. ನಾಳೆ ಅವ್ನಿಗೇ ನಾಚ್ಕೆ ಆಯ್ತದೆ. ನೀನು ಅದ್ಕೆ ಪಾಯಿಂಟ್ ಕೊಟ್ಟಲ್ಲಾ, ಅದುನ್ನ ಹೆಂಗ್ಲಾ ಮರೀಲಿ?”

“ಬಾಯಿಗೆ ಬಂದ್ಬುಡ್ತು ತಿಮ್ಮಣ್ಣ” ಎಂದರು ಸಾಬರು.

“ಮೊದಲ್ನೇ ಸಲ ಬಾಯಿಗೆ ಬಂತು, ಒಪ್ದೆ. ಟಿ.ವಿ.ಯೋರ ಮುಂದೆ ತಲೆ ಬಾಚ್ಕಂಡು ಯೋಳ್ದಾಗ್ಲೂ ಬಾಯಿಗೇ ಬಂತಾ?”

ಇನ್ನು ತಾನು ಸೀಟಿ ಹಿಡಿಯುವುದಿಲ್ಲ ಎಂದು ತಿಮ್ಮಯ್ಯ ಹೇಳಿದರು. ಕೋಪದಿಂದ ಹೇಳಿದ್ದರೆ ಸಾಬರಿಗೆ ಅಷ್ಟು ನೋಯುತ್ತಿರಲಿಲ್ಲ. “ಈಗ ಕಣಕ್ಕೆ ಹೋದ್ರೆ ಜನ ನನ್ ಕೆನ್ನೆ ನೋಡ್ತಾರೆ ಕಣ್ಲಾ, ಗೆರೆ ನೋಡಕಿಲ್ಲ” ಎಂದು ತಮಗೆ ತಾವೇ ಹೇಳಿಕೊಂಡಂತೆ ಹೇಳಿ, ಎದ್ದು ಒಳಗೆ ಹೋದರು. ಗಾಡಿ ಹತ್ತಿದ ಸಾಬರು ದಾರಿಯಲ್ಲಿ ಹಿಂದಿನ ಖಾಲಿ ಸೀಟನ್ನು ಎರಡು ಮೂರು ಸಲ ತಿರುಗಿ ನೋಡಿದರು.

ಮನೆಯಲ್ಲಿ ನಡೆದದ್ದನ್ನು ಹೇಳಿದಾಗ ಶರ್ಫುನ್ನೀಸಾ ತಮ್ಮ ಮನೆಮಾತು ಉರ್ದುವಿನಲ್ಲಿ ಚೆನ್ನಾಗಿಯೇ ಉಗಿದರು. ಉಗಿದದ್ದರ ತಿರುಳು ಇಷ್ಟು: ಸಂತೆಯಲ್ಲಿ ಮಾನ ಕಳೆದು ಹುಳುಮನೆಯಲ್ಲಿ ಕ್ಷಮೆ ಕೇಳಿದರೆ ಲೆಕ್ಕ ಸರಿಹೋಗುವುದಿಲ್ಲ. ಮೈಕಿನಲ್ಲಿ ಆಡಿದ್ದನ್ನು ಮೈಕಿನಲ್ಲೇ ತೆಗೆಯಬೇಕು. ಈ ಸೀಮೆಯಲ್ಲಿ ಕಣದ ಮೇಲೆ ಆದ ತಪ್ಪನ್ನು ಕಣದ ಮೇಲೆಯೇ, ಜನ ಸೇರಿದಾಗಲೇ ಒಪ್ಪಿಕೊಳ್ಳುವುದು ಹಿಂದಿನಿಂದ ಬಂದ ಪದ್ಧತಿ. ಎಲ್ಲವನ್ನೂ ಬಲ್ಲ ಸಾಬರಿಗೆ ಅದನ್ನು ಹೆಂಡತಿ ನೆನಪಿಸಬೇಕಾಯಿತು.

ಅಷ್ಟರಲ್ಲಿ ಮಹೇಂದ್ರ ಬೇರೆಯೇ ಯೋಜನೆ ತಂದ. ಮನೋಹರ್, ತಿಮ್ಮಯ್ಯ, ಶರೀಫ್ ಸಾಬರು, ಮೂವರನ್ನೂ ಬೆಂಗಳೂರಿನ ಸ್ಟುಡಿಯೋದಲ್ಲಿ ಕೂರಿಸಿ ರಾಜಿ ಮಾಡಿಸುವುದಂತೆ. ಅಂಪೈರ್ ಕಣ್ಣಲ್ಲಿ ಒಂದೆರಡು ಹನಿ ಬಂದರೆ ಇನ್ನೂ ಚೆಂದವಂತೆ. ಸಾಬರು ಅವನನ್ನು ಒಂದೇ ಪ್ರಶ್ನೆ ಕೇಳಿದರು. ಏಟಿಗೆ ಮುಂಚೆ ನಡೆದದ್ದನ್ನು ನೀವು ಯಾಕೆ ಒಂದು ಸಲವೂ ತೋರಿಸಲಿಲ್ಲ, ಕಾಲು ಗೆರೆ ದಾಟಿತ್ತೋ ಇಲ್ಲವೋ ಎಂದು ಯಾಕೆ ಯಾರೂ ಕೇಳಲಿಲ್ಲ? ಮಹೇಂದ್ರನಿಗೆ ಆ ಪ್ರಶ್ನೆ ನಿಜಕ್ಕೂ ಅರ್ಥವಾಗಲಿಲ್ಲ. “ಅದ್ರಲ್ಲೇನೈತೆ ಸಾಬ್ರೇ, ಬರೀ ಆಟ” ಎಂದ. ಸಾಬರು ಸ್ಟುಡಿಯೋಗೆ ಬರುವುದಿಲ್ಲ ಎಂದು ಹೇಳಿ ಮಿಷನ್ ಹಾಕಿಕೊಂಡರು.

ಆಮೇಲೆ ಅವರು ಗುಡೇಮಾರನಹಳ್ಳಿಗೆ ಹೋದರು. ಮನೋಹರ್ ಜಗುಲಿಯ ಮೇಲೆ ಗಡ್ಡ ಬಿಟ್ಟುಕೊಂಡು ಕೂತಿದ್ದ. ಅವನ ಏಜೆಂಟು ಬರೆದುಕೊಟ್ಟ ಕ್ಷಮಾಪಣೆಯನ್ನು ಅವನು ಮೊಬೈಲಿನ ಮುಂದೆ ಓದಿ ಹಾಕಿದ್ದ, ಅದನ್ನು ನೋಡಿದವರೆಲ್ಲ ಇನ್ನಷ್ಟು ಬೈದಿದ್ದರು. ಹೊಡೆದದ್ದು ತಪ್ಪು ಎಂದು ಸಾಬರು ಹೇಳುವ ಮೊದಲೇ ಅವನೇ ಹೇಳಿಕೊಂಡ. ಕೈ ಬೀಸಿದ ಗಳಿಗೆ ನೆನೆದರೆ ಊಟ ಸೇರುವುದಿಲ್ಲ ಎಂದ. ಆಮೇಲೆ ತಲೆ ಎತ್ತಿ, “ಆದ್ರೆ ನೀವೇ ಅಲ್ವಾ ಸಾಬ್ರೇ ಪಾಯಿಂಟ್ ಅಂದಿದ್ದು? ಮೈಕಲ್ಲೇ ಬಂದ್ಮೇಲೆ ನಿಜ್ವೇ ಅಂದ್ಕಂಡೆ. ತಿಮ್ಮಣ್ಣ ಮೋಸ ಮಾಡುದ್ರು ಅಂತ ತಲೆ ಕೆಟ್ಟೋಯ್ತು” ಎಂದ. ಏಟು ಯಾರ ಕೈಯಿಂದ ಬಿತ್ತು ಎಂಬುದು ಲೋಕಕ್ಕೆಲ್ಲ ಗೊತ್ತಿತ್ತು. ಅದು ಯಾರ ಬಾಯಲ್ಲಿ ಹುಟ್ಟಿತು ಎಂಬುದು ಶರೀಫ್ ಸಾಬರಿಗೆ ಆಗ ತಿಳಿಯಿತು.

ಕಣದ ತಪ್ಪನ್ನು ಕಣದ ಮೇಲೆಯೇ ಒಪ್ಪಿಕೊಳ್ಳಲೆಂದು ಮುಂದಿನ ಭಾನುವಾರ ಗುಡೇಮಾರನಹಳ್ಳಿಯಲ್ಲಿ ಅದೇ ಎರಡು ತಂಡಗಳ ನಡುವೆ ಸೌಹಾರ್ದ ಪಂದ್ಯ ಇಡುವುದೆಂದಾಯಿತು. ಊರಿನ ಹಿರಿಯರೇ ಎಲೆ ಅಡಿಕೆ ಹಿಡಿದು ಕೂಟಗಲ್ಲಿಗೆ ಹೋಗಿ ತಿಮ್ಮಯ್ಯನವರನ್ನು ಕರೆದರು. ನೀವು ಬರದಿದ್ದರೆ ನಮ್ಮ ಊರಿಗೇ ಕಳಂಕ, ಹುಡುಗ ತಪ್ಪು ಒಪ್ಪಿಕೊಳ್ಳಲು ನಿಮ್ಮ ಕಾಲಾದರೂ ಬೇಡವೇ ಎಂದರು. ಶಿವಲಿಂಗಮ್ಮನೂ ಹೋಗಿ ಬಾ ಎಂದರು. ತಿಮ್ಮಯ್ಯ ಕೊನೆಗೆ ಒಪ್ಪಿದರು, ಒಂದೇ ಷರತ್ತಿನ ಮೇಲೆ: ಮೈಕು ಶರೀಫನ ಕೈಯಲ್ಲಿ ಇರಕೂಡದು. ಸುದ್ದಿ ತಂದ ಹುಡುಗರು ಸಾಬರ ಮುಖ ನೋಡಲು ನಾಚಿದರು. ತಿಮ್ಮಣ್ಣ ಹೇಳುವುದು ಸರಿಯಾಗಿಯೇ ಇದೆ ಎಂದರು ಸಾಬರು.

ಭಾನುವಾರ ಮಧ್ಯಾಹ್ನ ಬಿಸಿಲು ಇಳಿಯುವ ಮೊದಲೇ ಮೈದಾನ ತುಂಬಿತು. ಕೂಟಗಲ್ಲಿನವರು ಟೆಂಪೋ ಮಾಡಿಕೊಂಡು ಬಂದಿದ್ದರು. ಶರೀಫ್ ಸಾಬರು ಎಲೆ ಅಡಿಕೆ ಮುದುಕಿಯರ ಸಾಲಿನಲ್ಲಿ ನೆಲದ ಮೇಲೆ ಕೂತರು. ಮೇಜಿನ ಮೇಲೆ ಮೈಕು ಒಂಟಿಯಾಗಿತ್ತು. ಇವತ್ತು ಸಾಬರ ಮಾತಿಲ್ಲವೇ, ಹಾಗಾದರೆ ಏನು ನೋಡುವುದು ಎಂದು ಒಬ್ಬ ಅಜ್ಜಿ ಅವರನ್ನೇ ಕೇಳಿದಳು.

ತಿಮ್ಮಯ್ಯ ಬಿಳಿ ಅಂಗಿ ಹಾಕಿಕೊಂಡು ಕಣದ ನಡುವೆ ನಿಂತರು. ಜನ ನೋಡಿದ್ದು ಅವರ ಕೆನ್ನೆಯನ್ನೇ. ಮನೋಹರ್ ಬರಿಗಾಲಲ್ಲಿ ಬಂದು ಎಲ್ಲರ ಎದುರಿಗೆ ಅವರ ಪಾದ ಮುಟ್ಟಿದ. ತಿಮ್ಮಯ್ಯ ಅವನ ರಟ್ಟೆ ಹಿಡಿದು ಎಬ್ಬಿಸಿದರು. ಅಷ್ಟರಲ್ಲಿ ಮಹೇಂದ್ರ ಕ್ಯಾಮೆರಾ ಹಿಡಿದು ಓಡಿಬಂದ. ಮುಖ ಬರಲಿಲ್ಲ, ಇನ್ನೊಂದು ಸಲ ಕಾಲಿಗೆ ಬೀಳಲಿ ಎಂದು ಕೇಳಿಕೊಂಡ. ತಿಮ್ಮಯ್ಯ ಅವನನ್ನು ಮೇಲಿಂದ ಕೆಳಗೆ ನೋಡಿ, “ಇದು ಮದ್ವೆ ಪೋಟೋ ಅಲ್ಲ ಕಣಪ್ಪ, ಅತ್ಲಾಗೆ ನಿಂತ್ಕೊ” ಎಂದರು.

ಆಗ ಶರೀಫ್ ಸಾಬರು ಎದ್ದು ನಿಂತರು. ಕಣದೊಳಗೆ ಕಾಲಿಡದೆ, ಗೆರೆಯ ಆಚೆಗೇ ನಿಂತು, ಒಂದು ಮಾತಿಗೆ ಅಪ್ಪಣೆ ಬೇಕು ಎಂದು ಅಂಪೈರನ್ನು ಕೇಳಿದರು. ಬೇಡ ಎಂದುಬಿಡುತ್ತಾರೆ ಎಂದೇ ಎಲ್ಲರೂ ಅಂದುಕೊಂಡರು. ಕೊನೆಗೆ ತಿಮ್ಮಯ್ಯ ಮೇಜಿನ ಮೇಲಿದ್ದ ಮೈಕಿನ ಕಡೆ ಗದ್ದ ಎತ್ತಿ ತೋರಿಸಿದರು. ಮೈಕು ಹಿಡಿದರೆ ಪುಸ್ತಕದ ಕನ್ನಡವೇ ಆಡುವ ಮನುಷ್ಯ ಆವತ್ತು ಹಟ್ಟಿಯ ಮಾತಿನಲ್ಲಿ ಆಡಿದರು.

“ಕೂಟಗಲ್ಲಲ್ಲಿ ಕೊನೇ ದಾಳಿಲಿ ಮನೋಹರನ ಕಾಲು ಗೆರೆ ಒಳಗಿತ್ತಾ ಹೊರಗಿತ್ತಾ, ನಾನು ನೋಡ್ನೇ ಇಲ್ಲ. ಮುಂದ್ಗಡೆ ಜನ ಎದ್ ನಿಂತಿದ್ರು, ನಂಗೇನೂ ಕಾಣ್ತಿರ್ಲಿಲ್ಲ. ಕಾಣ್ದೆ ಪಾಯಿಂಟ್ ಅಂದೆ. ನೋಡ್ದೋರು ಒಬ್ರೇ, ತಿಮ್ಮಣ್ಣ. ನೋಡಿದ್ದುನ್ನ ನೋಡ್ದಂಗೇ ಹೇಳುದ್ರು, ಅದ್ಕೆ ಏಟು ತಿಂದ್ರು. ಆ ಏಟಿಗೂ ನಾನು ಪಾಯಿಂಟ್ ಕೊಟ್ಟೆ. ಪಾಯಿಂಟ್ ಕೊಡಕ್ಕೆ ನಾನ್ಯಾರು? ಅದು ಅಂಪೈರ್ ಕೆಲ್ಸ. ತಪ್ಪು ನಂದು, ತಪ್ಪಾಯ್ತು.”

ಯಾರೂ ನಗಲಿಲ್ಲ. ಸಾಬರು ಮೈಕು ಕೆಳಗಿಟ್ಟು ತಲೆ ತಗ್ಗಿಸಿ ನಿಂತರು. ತಿಮ್ಮಯ್ಯ ಅಂಗಿಯ ಜೇಬಿಗೆ ಕೈ ಹಾಕಿ ಹಳದಿ ಕಾರ್ಡು ತೆಗೆದರು. ಕಬಡ್ಡಿಯಲ್ಲಿ ಹಳದಿ ಕಾರ್ಡು ತೋರಿಸಿದರೆ ಆಟಗಾರ ಎರಡು ನಿಮಿಷ ಕಣದ ಹೊರಗೆ ಕೂರಬೇಕು. ಮೊದಲು ಅದನ್ನು ಮನೋಹರನಿಗೆ ತೋರಿಸಿದರು. ಆಮೇಲೆ ಮೆಲ್ಲಗೆ ತಿರುಗಿ, ಅದೇ ಗಂಭೀರ ಮುಖದಲ್ಲಿ, ಶರೀಫ್ ಸಾಬರಿಗೂ ತೋರಿಸಿದರು. ಕಬಡ್ಡಿ ಹುಟ್ಟಿದಾಗಿನಿಂದ ವಿವರಣೆಕಾರನಿಗೆ ಕಾರ್ಡು ಬಿದ್ದದ್ದನ್ನು ಕಂಡವರಿಲ್ಲ. ಮೈದಾನವೆಲ್ಲ ನಕ್ಕು ನಕ್ಕು ಸುಸ್ತಾಯಿತು. ಈ ಸಲದ ನಗು ತಿಮ್ಮಯ್ಯನವರ ಕಡೆಯಿಂದ ಎದ್ದ ನಗು, ಅದರಲ್ಲಿ ಅವರ ಪಾಲೂ ಇತ್ತು.

ಲೀಗಿನ ಸ್ಟಾರು ಮತ್ತು ಗೊಂಬೆ ಸಾಬರು ಒಂದೇ ಬೆಂಚಿನ ಮೇಲೆ ಪಕ್ಕಪಕ್ಕ ಕೂತರು. ಮಹೇಂದ್ರ ಫೋನಿನಲ್ಲಿ ಆಫೀಸಿನವರ ಹತ್ತಿರ ಮಾತಾಡಿ ಬಂದು, ಜಗಳ ಗಿಗಳ ಇಲ್ಲದಿದ್ದರೆ ಬೇಡ ಅಂದರು ಎಂದು ಪೆಚ್ಚುಮೋರೆ ಹಾಕಿಕೊಂಡು ಕ್ಯಾಮೆರಾ ಚೀಲಕ್ಕೆ ಹಾಕಿದ. ಏಟನ್ನು ನೋಡಿದ ಲಕ್ಷಾಂತರ ಜನಕ್ಕೆ ಈ ಸುದ್ದಿ ಇವತ್ತಿಗೂ ಮುಟ್ಟಿಲ್ಲ. ಆದರೆ ಕೂಟಗಲ್ಲಿನವರು, ಗುಡೇಮಾರನಹಳ್ಳಿಯವರು ಅಲ್ಲೇ ಇದ್ದರು. ತಿಮ್ಮಯ್ಯ ಬದುಕಬೇಕಾದದ್ದು ಇವರ ನಡುವೆ. ಸೀಟಿ ಊದಿದಾಗ ಎಲ್ಲರ ಕಣ್ಣೂ ಗೆರೆಯ ಮೇಲೆ ಹೋಯಿತು.

ಎರಡು ನಿಮಿಷ ಕಳೆದು ಮನೋಹರ್ ಕಣಕ್ಕೆ ಓಡಿದ. ಸಾಬರು ಬೆಂಚಿನ ಮೇಲೆಯೇ ಉಳಿದರು. ತಿಮ್ಮಣ್ಣನ ಷರತ್ತು ಷರತ್ತೇ. ದಾಳಿಗಳು ಮೂಕವಾಗಿ ನಡೆದವು, ಅಜ್ಜಿಯರು ಆಕಳಿಸಿದರು. ತಿಮ್ಮಯ್ಯ ಆಟ ನಿಲ್ಲಿಸಿ, ಮೇಜಿನ ಮೇಲಿದ್ದ ಮೈಕು ಎತ್ತಿಕೊಂಡು ಬೆಂಚಿನ ಹತ್ತಿರ ಬಂದರು.

“ತಗಳ್ಳಾ ಶರೀಫಾ. ನೀನು ಒದರ್ದೇ ಇದ್ರೆ ಇಲ್ಲೇನ್ ನಡೀತೈತೆ ಅಂತ ನಂಗೇ ಒಸೀನೂ ಗೊತ್ತಾಯ್ತಿಲ್ಲ.”

ಸಾಬರು ಮೈಕು ತೆಗೆದುಕೊಂಡು ಬಾಯಿಯ ಹತ್ತಿರ ಹಿಡಿದರು. ಈ ಸಲ ಮೊದಲು ಗೆರೆಯ ಕಡೆ ನೋಡಿದರು. ಗಂಟಲು ಸರಿಮಾಡಿಕೊಂಡರು, ಮತ್ತೊಮ್ಮೆ ಸರಿಮಾಡಿಕೊಂಡರು. ಎರಡೂ ಊರಿನ ಜನ ಆ ಕೆಮ್ಮನ್ನೇ ಕೇಳುತ್ತಾ ಕಾದು ಕೂತರು.